3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ ಮೇಲೆ ಬಿಲ್ ಇಳಿಯೋದು ಬಿಟ್ಟು ಏರಿದೆ, ಎಲ್ಲಿ ತಪ್ಪಾಗಿದೆ?

ಮಹಡಿಮನೆ:
ಎಲ್ಲರಿಗೂ ನಮಸ್ಕಾರ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದ್ದೇವೆ. ಸಿಂಗಲ್ ಫೇಸ್, ಮಂಜೂರಾದ ಲೋಡ್ ಕೂಡ 3 ಕಿಲೋವ್ಯಾಟ್. ಮೊದಲು ತಿಂಗಳಿಗೆ 300 ಯೂನಿಟ್ ಆಸುಪಾಸು ಬರ್ತಿತ್ತು. ಪ್ಯಾನೆಲ್ ಚಾಲೂ ಆದ ಮೇಲಿನ ಮೊದಲ ಬಿಲ್‌ನಲ್ಲಿ ಬಳಕೆ 410 ಯೂನಿಟ್ ಅಂತ ಇದೆ! ಸೋಲಾರ್ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ಆ್ಯಪ್ ನೋಡಿದರೆ ಅದೇ ಅವಧಿಯಲ್ಲಿ 330 ಯೂನಿಟ್ ಉತ್ಪಾದನೆ ತೋರಿಸ್ತಿದೆ. ಮನೆಯಲ್ಲಿ ಹೊಸದಾಗಿ ಎಸಿ, ಗೀಸರ್ ಏನೂ ಬಂದಿಲ್ಲ. ಕೆಲಸ ಮಾಡಿಸಿದವರನ್ನು ಕೇಳಿದರೆ "ಒಂದೆರಡು ತಿಂಗಳಲ್ಲಿ ಸರಿ ಹೋಗುತ್ತೆ" ಅಂತಾರೆ. ಏನನ್ನು ಪರೀಕ್ಷಿಸಬೇಕು ದಯವಿಟ್ಟು ತಿಳಿಸಿ.

ಫೇಸ್_ನ್ಯೂಟ್ರಲ್:
ಮೊದಲ ಪ್ರಶ್ನೆ: ಮೀಟರ್ ಬದಲಾಯಿಸಿದ್ದಾರಾ? ಬಿಲ್‌ನಲ್ಲಿ ಇಂಪೋರ್ಟ್ (ಗ್ರಿಡ್‌ನಿಂದ ಬಂದದ್ದು), ಎಕ್ಸ್‌ಪೋರ್ಟ್ (ಗ್ರಿಡ್‌ಗೆ ಹೋದದ್ದು) ಅಂತ ಎರಡು ಸಾಲು ಇದೆಯಾ, ಅಥವಾ ಮೊದಲಿನ ಹಾಗೆ ಒಂದೇ ಬಳಕೆ ಸಾಲಾ?

ಮಹಡಿಮನೆ:
ಒಂದೇ ಸಾಲು ಸರ್. ಮೀಟರ್ ಹಳೆಯದೇ. ಬಂದದ್ದು, ಹೋದದ್ದು ಎರಡನ್ನೂ ಬೇರೆಬೇರೆ ಎಣಿಸುವ ನೆಟ್ ಮೀಟರ್ ಬರೋದು ತಡ ಆಗುತ್ತೆ, ಅಲ್ಲಿವರೆಗೆ ಕರೆಂಟ್ ಯಾಕೆ ಹಾಳು ಮಾಡ್ತೀರಿ ಅಂತ ಹೇಳಿ ಆನ್ ಮಾಡಿಕೊಟ್ಟು ಹೋದರು.

ಫೇಸ್_ನ್ಯೂಟ್ರಲ್:
ಹಾಗಾದರೆ ಕಾರಣ ಬಹುಪಾಲು ಅದೇ. ಹಿಂದೆ ಕೆಲವರು ವೈರ್ ಅದಲುಬದಲು ಮಾಡಿ ಮೀಟರನ್ನು ಹಿಂದಕ್ಕೆ ಓಡಿಸ್ತಿದ್ದರು. ಆ ಕಳ್ಳತನ ತಡೆಯಲೆಂದೇ ನಮ್ಮಲ್ಲಿನ ಮಾಮೂಲಿ ಎಲೆಕ್ಟ್ರಾನಿಕ್ ಮೀಟರ್‌ಗಳನ್ನು ಕರೆಂಟ್ ಯಾವ ದಿಕ್ಕಿಗೆ ಹರಿದರೂ ಮುಂದಕ್ಕೇ ಎಣಿಸುವಂತೆ ಮಾಡಿರ್ತಾರೆ. ನೀವು ಗ್ರಿಡ್‌ಗೆ ಕೊಟ್ಟದ್ದನ್ನೂ ಅದು ನಿಮ್ಮ ಬಳಕೆ ಅಂತಲೇ ಬರೆದುಕೊಂಡಿದೆ.

ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ಮನೆ ಬಳಕೆ 300, ಪ್ಯಾನೆಲ್ ಕೊಟ್ಟದ್ದು 330. ಹಗಲು ಹೊತ್ತು ಪ್ಯಾನೆಲ್‌ನಿಂದ ನೇರವಾಗಿ ಮನೆಗೆ 110 ಹೋಯ್ತು ಅಂತಿಟ್ಟುಕೊಳ್ಳಿ. ಉಳಿದ 220 ಹೊರಗೆ ಹೋಗುತ್ತೆ, ರಾತ್ರಿಗೆ 190 ಒಳಗೆ ಬರುತ್ತೆ. 220ಕ್ಕೆ 190 ಕೂಡಿಸಿ: 410. ನಿಮ್ಮ ಬಿಲ್‌ನ ಸಂಖ್ಯೆ ಅದೇ.

ಖಾತ್ರಿಗೆ ಒಂದು ಪರೀಕ್ಷೆ ಮಾಡಿ. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಮನೆಯ ಲೋಡ್ ಎಂಸಿಬಿಗಳನ್ನಷ್ಟೇ (ಸ್ವಿಚ್ ಬೋರ್ಡ್ ಪೆಟ್ಟಿಗೆಯ ಚಿಕ್ಕ ಬ್ರೇಕರ್‌ಗಳು) ಇಳಿಸಿ. ಮೇನ್ ಸ್ವಿಚ್ ಮತ್ತು ಸೋಲಾರ್ ಎಂಸಿಬಿ ಮೇಲೇ ಇರಲಿ. ಈಗ ಮನೆ ಬಳಕೆ ಸೊನ್ನೆ. ಮೀಟರ್ ಓದು ಬರೆದಿಟ್ಟುಕೊಂಡು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಆಮೇಲೆ ಇನ್ವರ್ಟರ್ ಆಫ್ ಮಾಡಿ, ಮೀಟರ್‌ನ ಕೆಂಪು ಎಲ್‌ಇಡಿ ಮಿಣುಕೋದು ನಿಲ್ಲುತ್ತಾ ನೋಡಿ. ಮೀಟರ್ ಬಾಕ್ಸ್ ಮಾತ್ರ ತೆರೆಯಬೇಡಿ, ಸೀಲ್ ಮುಟ್ಟಬೇಡಿ.

ಮಹಡಿಮನೆ:
ಮಾಡಿದೆ ಸರ್. ಫ್ರಿಜ್ ಸಮೇತ ಎಲ್ಲ ಆಫ್. ಮೀಟರ್ 8614.2 ಇದ್ದದ್ದು ಅರ್ಧ ಗಂಟೆಯಲ್ಲಿ 8615.3 ಆಯ್ತು. ಆ ಹೊತ್ತಿಗೆ ಆ್ಯಪ್‌ನಲ್ಲಿ 2.2 ಕಿಲೋವ್ಯಾಟ್ ಇತ್ತು. ಇನ್ವರ್ಟರ್ ಆಫ್ ಮಾಡಿದ ತಕ್ಷಣ ಎಲ್‌ಇಡಿ ನಿಂತೇಹೋಯ್ತು.

ಫೇಸ್_ನ್ಯೂಟ್ರಲ್:
2.2 ಕಿಲೋವ್ಯಾಟ್ ಅರ್ಧ ಗಂಟೆಗೆ 1.1 ಯೂನಿಟ್. ಕರಾರುವಾಕ್ಕಾಗಿ ಕೂತಿದೆ, ಇನ್ನು ಅನುಮಾನ ಬೇಡ. ನೆಟ್ ಮೀಟರ್ ಬಂದು ಕೂರುವವರೆಗೆ ಇನ್ವರ್ಟರ್ ಆಫ್ ಮಾಡಿಡಿ. ಒಂದೊಂದು ಬಿಸಿಲ ದಿನವೂ ನಿಮ್ಮ ಜೇಬಿನಿಂದ ಹೋಗ್ತಿದೆ. ಕರ್ನಾಟಕದ 2025ರ ಏಪ್ರಿಲ್‌ನ ಗೃಹಬಳಕೆ ದರದಂತೆ ಯೂನಿಟ್‌ಗೆ 5.80, ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜ್ 36 ಪೈಸೆ, ಆ 5.80ರ ಮೇಲೆ ತೆರಿಗೆ ಶೇ. 9. ಹೆಚ್ಚುವರಿ 110 ಯೂನಿಟ್‌ಗೇ 735 ರೂಪಾಯಿ ಹತ್ತಿರ ಆಗುತ್ತೆ.

ಈ ಪರೀಕ್ಷೆಯ ಫೋಟೋ, ಆ್ಯಪ್‌ನ ತಿಂಗಳ ವರದಿ ಸೇರಿಸಿ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮೀಟರ್ ಬರುವ ಮೊದಲೇ ಗ್ರಿಡ್‌ಗೆ ಜೋಡಿಸಿದ್ದರಿಂದ ಹಣ ವಾಪಸ್ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲಾರೆ. ಆದರೆ ಅರ್ಜಿ ಹಾಕಿದರೆ ಮೀಟರ್ ಕೆಲಸಕ್ಕಾದರೂ ಚುರುಕು ಬರುತ್ತೆ. ಉತ್ತರವೇ ಬಾರದಿದ್ದರೆ 1912ಕ್ಕೆ ದೂರು, ಆಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ.

ಮಹಡಿಮನೆ:
ಹೊಸ ಮೀಟರ್ ಬಂತು, ಅದರ ಮೊದಲ ಬಿಲ್ಲೂ ಬಂತು. ಇಂಪೋರ್ಟ್ ಹಿಂದಿನದು 3, ಈಗಿನದು 193. ಎಕ್ಸ್‌ಪೋರ್ಟ್ ಹಿಂದಿನದು 1, ಈಗಿನದು 221. ತುಂಬಾ ಸಮಾಧಾನ ಆಯ್ತು, ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆದರೆ ಆ್ಯಪ್‌ನಲ್ಲಿ ಈ ಸಲವೂ 330 ಇದೆ, ಬಿಲ್‌ನಲ್ಲಿ 220 ಮಾತ್ರ. ಉಳಿದ 110 ಎಲ್ಲಿ ಹೋಯ್ತು? ಇನ್ನೊಂದು, ಕೊಟ್ಟದ್ದೇ ಹೆಚ್ಚಾದರೂ ಮುನ್ನೂರು ಚಿಲ್ಲರೆ ಕಟ್ಟಬೇಕಂತೆ.

ಫೇಸ್_ನ್ಯೂಟ್ರಲ್:
110 ಎಲ್ಲೂ ಹೋಗಿಲ್ಲ, ನಿಮ್ಮ ಫ್ರಿಜ್, ಮಿಕ್ಸಿ, ಫ್ಯಾನ್, ಪಂಪ್ ಹಗಲಲ್ಲೇ ಬಳಸಿವೆ. ಬೀದಿ ಕಡೆಯ ಮೀಟರಿಗೆ ತನ್ನನ್ನು ದಾಟಿ ಹೋದದ್ದು, ದಾಟಿ ಬಂದದ್ದು ಅಷ್ಟೇ ಗೊತ್ತು. ಮನೆಯೊಳಗೇ ಮುಗಿದದ್ದು ಬಿಲ್‌ನಲ್ಲಿ ಕಾಣೋದೇ ಇಲ್ಲ. ನಿಜವಾದ ಬಳಕೆ ಬೇಕಾದರೆ ಉತ್ಪಾದನೆಗೆ ಇಂಪೋರ್ಟ್ ಕೂಡಿಸಿ, ಎಕ್ಸ್‌ಪೋರ್ಟ್ ಕಳೆಯಿರಿ: 330 + 190 − 220 = 300. ನಿಮ್ಮ ಹಳೇ ಬಳಕೆಗೇ ಬಂದು ನಿಂತಿದೆ.

ಕಟ್ಟಬೇಕಾದದ್ದು ನಿಗದಿತ ಶುಲ್ಕ. ಅದು ಮಂಜೂರಾದ ಲೋಡ್ ಮೇಲೆ, ಅದೇ 2025ರ ದರದಲ್ಲಿ ಕಿಲೋವ್ಯಾಟ್‌ಗೆ 145, ನಿಮಗೆ 435. ಎಷ್ಟು ಯೂನಿಟ್ ಕೊಟ್ಟರೂ ಅದು ತಪ್ಪೋದಿಲ್ಲ. ನಿವ್ವಳ 30 ಯೂನಿಟ್‌ಗೆ ನಿಮ್ಮ ಒಪ್ಪಂದ ಪತ್ರದಲ್ಲಿರುವ ದರ ಹಾಕಿ 435ರಿಂದ ಕಳೆದು ನೋಡಿ, ತಾಳೆ ಆಗಬೇಕು.

ಹಳೇ_ಒಪ್ಪಂದ:
ದರದ ವಿಷಯಕ್ಕೆ ಒಂದು ಮಾತು. ಬೇರೆಯವರ ಬಿಲ್ ಜೊತೆ ಹೋಲಿಸಬೇಡಿ. 2013ರ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ಆದೇಶದಲ್ಲಿ ಗ್ರಿಡ್‌ಗೆ ಕೊಟ್ಟದ್ದಕ್ಕೆ ಸಬ್ಸಿಡಿ ಇಲ್ಲದವರಿಗೆ ಯೂನಿಟ್‌ಗೆ 9.56, ಸಬ್ಸಿಡಿ ಪಡೆದವರಿಗೆ 7.20 ಇತ್ತು. ಒಪ್ಪಂದ 25 ವರ್ಷಕ್ಕೆ, ಹಾಗಾಗಿ ಆಗ ಸಹಿ ಹಾಕಿದ ನಮಗೆ ಅದೇ ನಡೀತಿದೆ. ಆಮೇಲೆ ಪ್ಯಾನೆಲ್ ಅಗ್ಗವಾಗ್ತಾ ದರವೂ ಇಳಿದಿದೆ.

ಮಹಡಿಮನೆ:
ಈಗ ಪೂರ್ತಿ ಅರ್ಥವಾಯ್ತು. ವಾಷಿಂಗ್ ಮಷಿನ್, ಇಸ್ತ್ರಿ ಎಲ್ಲ ಮಧ್ಯಾಹ್ನಕ್ಕೇ ಇಟ್ಟುಕೊಂಡರೆ ಇನ್ನೂ ಉಳಿಯುತ್ತಾ?

ಫೇಸ್_ನ್ಯೂಟ್ರಲ್:
ಎಲ್ಲರೂ ಕೊಡುವ ಸಲಹೆ ಅದು, ಆದರೆ ನೆಟ್ ಮೀಟರಿಂಗ್‌ನಲ್ಲಿ ಅದರಿಂದ ಲಾಭ ಇಲ್ಲ. ರಾತ್ರಿಯ 20 ಯೂನಿಟ್ ಕೆಲಸ ಹಗಲಿಗೆ ತಂದರೆ ಇಂಪೋರ್ಟ್ 170, ಎಕ್ಸ್‌ಪೋರ್ಟ್ 200 ಆಗುತ್ತೆ. ನಿವ್ವಳ ಅದೇ 30. ಮನೆಯವರನ್ನು ಹೊತ್ತಿಗೆ ಕಟ್ಟಿಹಾಕಬೇಡಿ, ಅನುಕೂಲ ಆದಾಗ ಒಗೀಲಿ.

ಒಂದು ಸಂದರ್ಭ ಮಾತ್ರ ಬೇರೆ. ಬೀದಿಯಲ್ಲಿ ಹಲವು ಮನೆ ಸೋಲಾರ್ ಇದ್ದು, ಮಧ್ಯಾಹ್ನ ವೋಲ್ಟೇಜ್ ಏರಿ ಇನ್ವರ್ಟರ್ ಟ್ರಿಪ್ ಆಗ್ತಿದ್ದರೆ ಆ ಉತ್ಪಾದನೆ ನಷ್ಟವೇ. ಆ್ಯಪ್‌ನಲ್ಲಿ ದಿನದ ಗ್ರಾಫ್ ನೋಡಿ. ಮೋಡ ಇಲ್ಲದ ದಿನ ಹನ್ನೆರಡರಿಂದ ಎರಡರ ನಡುವೆ ಗೆರೆ ಏಕಾಏಕಿ ಸೊನ್ನೆಗೆ ಬಿದ್ದು ಕೆಲವು ನಿಮಿಷಕ್ಕೆ ಮತ್ತೆ ಎದ್ದರೆ ಅನುಮಾನ ಪಡಿ. ಅಂಥ ಮನೆಯಲ್ಲಿ ಮಧ್ಯಾಹ್ನದ ಲೋಡ್ ಸ್ವಲ್ಪ ನೆರವಾಗುತ್ತೆ. ನಿಜವಾದ ಪರಿಹಾರ ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್ ಹೊಂದಿಸುವ ಟ್ಯಾಪ್ ಸರಿಮಾಡಿಸೋದು ಅಥವಾ ಮೀಟರ್‌ವರೆಗೆ ದಪ್ಪ ಕೇಬಲ್ ಹಾಕಿಸೋದು. ಗ್ರಾಫ್ ಚಿತ್ರ ಇಲ್ಲಿ ಹಾಕಿ, ನೋಡಿ ಹೇಳ್ತೇನೆ. ಮುಂದಿನ ತಿಂಗಳಿಂದ ಆ್ಯಪ್‌ನ ಲೆಕ್ಕವನ್ನು ಒಂದನೇ ತಾರೀಖಿನಿಂದ ತೆಗೆಯಬೇಡಿ, ಮೀಟರ್ ರೀಡರ್ ಬಂದ ದಿನದಿಂದ ಮುಂದಿನ ಸಲ ಬಂದ ದಿನದವರೆಗೆ ತೆಗೆಯಿರಿ. ಇಲ್ಲದಿದ್ದರೆ ತಾಳೆ ಆಗೋದಿಲ್ಲ.