ಕ್ಯಾಸ್ಪೇಸ್ ಮಾಡೆಲ್ ಚಿಕ್ಕದು ಮಾಡಿದರೆ ಜೀವಕೋಶ ಬೇಗ ಸಾಯುತ್ತದೆ, ಯಾಕೆ?

ಪುಣೆ, ಪಾಷಾಣ್‌ನಿಂದ:
ನಾನು ಗಣಿತ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಪೊಪ್ಟೋಸಿಸ್, ಅಂದರೆ ಜೀವಕೋಶ ತಾನೇ ತನ್ನನ್ನು ಕೊನೆಗಾಣಿಸಿಕೊಳ್ಳುವ ಕ್ರಿಯೆ, ಆರಿಸಿಕೊಂಡಿದ್ದೇನೆ. ಅದನ್ನು ನಡೆಸುವ ಎಂಜೈಮ್‌ಗಳೇ ಕ್ಯಾಸ್ಪೇಸ್‌ಗಳು. ಐಸಿಂಗ್ ಮತ್ತವರ ತಂಡದ 2004ರ ಮಾಡೆಲ್: ಕ್ಯಾಸ್ಪೇಸ್-8, ಕ್ಯಾಸ್ಪೇಸ್-3, ಅವನ್ನು ಕ್ರಮವಾಗಿ ಹಿಡಿದಿಡುವ ಬಾರ್ (BAR) ಮತ್ತು ಐಎಪಿ (IAP) ಎಂಬ ಪ್ರೋಟೀನ್‌ಗಳು, ಒಟ್ಟು 8 ಸಮೀಕರಣ. ಹೀಗೆ ಅಂಟಿಕೊಂಡ ಎರಡು ಜೋಡಿಗಳ ಪ್ರಮಾಣ ಬದಲಾಗುವ ದರ ಸೊನ್ನೆ ಎಂದಿಟ್ಟು 6ಕ್ಕೆ ಇಳಿಸಿದೆ. ಬದುಕು, ಸಾವು ಎರಡೂ ಸ್ಟೆಡಿ ಸ್ಟೇಟ್‌ಗಳು (ಏನೂ ಬದಲಾಗದೆ ನಿಲ್ಲುವ ಸ್ಥಿತಿಗಳು) ಕದಲಲೇ ಇಲ್ಲ. ಆದರೆ ಕ್ಯಾಸ್ಪೇಸ್-3 ಬಹಳ ಮುಂಚೆಯೇ ಏರಿಬಿಡುತ್ತದೆ. ಸ್ಟೆಡಿ ಸ್ಟೇಟ್ ಸರಿಯಿದ್ದರೆ ಸಾಕು ಅನ್ನುತ್ತಾರೆ ಗೆಳತಿಯರು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಮುಂಬೈ, ಮಾಟುಂಗಾದಿಂದ:
ತಂಗಿ, ಒಪ್ಪಬ್ಯಾಡ. ದರ ಸೊನ್ನೆ ಇಟ್ಟರ ಸ್ಟೆಡಿ ಸ್ಟೇಟ್ ಕದಲೂದ ಇಲ್ಲ, ಯಾಕಂದ್ರ ಅಲ್ಲಿ ಎಲ್ಲಾ ದರನೂ ಮೊದಲ ಸೊನ್ನೆ ಇರ್ತಾವ. ಅದರಿಂದ ಪರೀಕ್ಷೆ ಮಾಡಿಧಂಗ ಆಗೂದಿಲ್ಲ. ತಪ್ಪು ಕಾಣೂದು ಹೊತ್ತಿನಾಗ.

ಆ ಮಾಡೆಲ್‌ನ ಅಂಕಿ ನೋಡು: ಒಂದು ಜೀವಕೋಶದಾಗ ಪ್ರೊಕ್ಯಾಸ್ಪೇಸ್-3 (ಇನ್ನೂ ಚುರುಕಾಗದ ಕ್ಯಾಸ್ಪೇಸ್-3) 21,000 ಅಣು, ಐಎಪಿ 40,000. ಎಂಜೈಮ್ ಚೂರು, ಅದು ಹಿಡಿಯೂ ವಸ್ತು (ಸಬ್‌ಸ್ಟ್ರೇಟ್) ರಾಶಿ ಅಂತ ಹಿಡಿದು ಜೋಡಿ ದರ ಸೊನ್ನೆ ಇಡೂ ಮೈಕೆಲಿಸ್-ಮೆಂಟೆನ್ ಲೆಕ್ಕ ಇಲ್ಲಿ ನಡಿಯೂದಿಲ್ಲ. ಶುರುವಿನಾಗ ಹುಟ್ಟಿದ ಕ್ಯಾಸ್ಪೇಸ್-3ರಾಗ ಹೆಚ್ಚುಕಮ್ಮಿ ಎಲ್ಲಾ ಐಎಪಿ ಕೈಯಾಗ ಸಿಕ್ಕಿರ್ತದ. ನಿನ್ನ 6 ಸಮೀಕರಣದಾಗ ಆ ಜೋಡಿ ತುಂಬಲಿಕ್ಕೆ ಒಂದು ಅಣುನೂ ಖರ್ಚಾಗೂದಿಲ್ಲ! ಹಂಗಾಗಿ ಬಿಡಿ ಕ್ಯಾಸ್ಪೇಸ್ ಲಗೂನ ಏರ್ತದ.

ಒಟ್ಟನ್ನ ಹಿಡಿ. ಬಿಡಿ ಕ್ಯಾಸ್ಪೇಸ್-3 ಮತ್ತ ಜೋಡಿ ಕೂಡಿ ಒಂದು ಚರ, ಬಿಡಿ ಐಎಪಿ ಮತ್ತ ಜೋಡಿ ಕೂಡಿ ಇನ್ನೊಂದು. ಅಂಟೂದು ಬಿಡೂದು ಈ ಒಟ್ಟನ್ನ ಮುಟ್ಟೂದಿಲ್ಲ. ಹುಟ್ಟು ಮತ್ತ ನಾಶ ಅಷ್ಟ ಮುಟ್ತಾವ. ಜೋಡಿ ಎಷ್ಟು ಅನ್ನೂದು ಒಂದು ವರ್ಗ ಸಮೀಕರಣದಿಂದ ಸಿಗ್ತದ. ಬೊರ್ಘಾನ್ಸ್, ಡಿ ಬೋರ್, ಸೆಗೆಲ್ 1996ರಾಗ ತೋರಿಸಿದ ದಾರಿ ಇದು, ನನಗ ಭಾಳ ಮೆಚ್ಚಿಗಿ. ಬಾರ್‌ಗೂ ಹಿಂಗ ಮಾಡು. ಆಗಲೂ 6 ಸಮೀಕರಣನ ಉಳೀತಾವ.

ಪಾಷಾಣ್‌ನಿಂದ:
ಸರ್, ಹಾಗಿದ್ದರೆ ಜೋಡಿ ನಾಶವಾಗುವ ದರವನ್ನೂ ಆ ವರ್ಗ ಸಮೀಕರಣದಲ್ಲಿ ಇಟ್ಟುಕೊಳ್ಳಬೇಕೇ?

ಮಾಟುಂಗಾದಿಂದ:
ಇಟ್ಟುಕೋ. ಬಿಟ್ಟರ ಸ್ಟೆಡಿ ಸ್ಟೇಟ್ ಸ್ವಲ್ಪ ಸರೀತದ.

ಗೋವಾ, ಪಣಜಿಯಿಂದ:
ನಾನು ಜೀವಶಾಸ್ತ್ರದವಳು, ಒಂದು ಮಾತು ಸೇರಿಸುತ್ತೇನೆ. ಹೀಲಾ ಕೋಶಗಳಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಸಾವಿನ ಸಂಕೇತ ಕೊಟ್ಟ ಮೇಲೆ ಗಂಟೆಗಟ್ಟಲೆ ಏನೂ ಕಾಣುವುದಿಲ್ಲ. ಆ ಕಾಯುವಿಕೆ ಕೋಶದಿಂದ ಕೋಶಕ್ಕೆ ಬೇರೆ. ಶುರುವಾದ ಮೇಲೆ ಮಾತ್ರ ನಿಮಿಷಗಳಲ್ಲೇ ಮುಗಿಯುತ್ತದೆ. ಆದ್ದರಿಂದ ಎರಡು ಮಾಡೆಲ್‌ಗಳನ್ನು ಹೋಲಿಸುವಾಗ ಕಾಯುವ ಹೊತ್ತು ಮತ್ತು ಏರುವ ವೇಗ ಎರಡನ್ನೂ ಬೇರೆ ಬೇರೆ ಅಳೆಯಿರಿ. ಗ್ರಾಫ್ ಮೇಲೆ ಗ್ರಾಫ್ ಇಟ್ಟು ನೋಡಿದರೆ ಯಾವುದು ಕೆಟ್ಟಿದೆ ಅಂತ ತಿಳಿಯುವುದಿಲ್ಲ.