ಸ್ವಾಬ್‌ನಲ್ಲಿ ಒಂದು ನೀಲಿ, ಬರೆದಾಗ ಇನ್ನೊಂದು, ಫೋಟೋದಲ್ಲಿ ಮತ್ತೊಂದು: ಹೋಲಿಸೋದು ಹೇಗೆ?

ಗೀಚುಗಾರ
ಎಲ್ರಿಗೂ ನಮಸ್ಕಾರ. ದಿನಾ ನೋಟ್ಸ್ ಬರೆಯೋಕೆ ಒಂದೇ ಒಂದು ನೀಲಿ ಇಂಕ್ ಫಿಕ್ಸ್ ಮಾಡ್ಕೋಬೇಕು ಅಂತ ಸ್ಯಾಂಪಲ್‌ಗಳು ತರಿಸಿದೀನಿ, ವಾಟರ್‌ಮನ್ ಸೆರೆನಿಟಿ ಬ್ಲೂ, ಪೆಲಿಕಾನ್ 4001 ರಾಯಲ್ ಬ್ಲೂ, ಪೈಲಟ್ ಇರೋಶಿಝುಕು ಆಸಾಗಾವೊ, ಜೊತೆಗೆ ಕೆಂಪು ಶೀನ್ (ಒಣಗಿದ ಅಕ್ಷರದ ಮೇಲೆ ಕಾಣೋ ಮಿಂಚು) ಜೋರಾಗಿ ಹೊಡೆಯೋ ಇನ್ನೊಂದು ಇಂಕ್ (ಅದರ ಹೆಸರು ಬೇಡ, ಸುಮ್ನೆ ಜಗಳ ಆಗುತ್ತೆ). ಇಯರ್‌ಬಡ್ ಅದ್ದಿ ಪೇಪರ್ ಮೇಲೆ ಬಳಿದಾಗ (ಸ್ವಾಬ್ ಅಂದ್ರೆ ಇದೇ) ನಾಲ್ಕೂ ಸ್ಪಷ್ಟವಾಗಿ ಬೇರೆ ಬೇರೆ ಕಾಣ್ತವೆ. ಪೆನ್ನಿಗೆ ತುಂಬಿಸಿ ಬರೆದ್ರೆ ವಾಟರ್‌ಮನ್ನೂ ಪೆಲಿಕಾನೂ ಒಂದೇ ತಾಯಿ ಮಕ್ಕಳ ಥರ, ಯಾವ ಸಾಲು ಯಾವುದು ಅಂತ ಪಕ್ಕದಲ್ಲಿ ಹೆಸರು ಬರ್ಕೊಳ್ಳದೇ ಇದ್ರೆ ಗೊತ್ತೇ ಆಗಲ್ಲ. ಆಸಾಗಾವೊ ಒಂದು ಪೆನ್ನಲ್ಲಿ ಕಡು ನೀಲಿ, ಇನ್ನೊಂದರಲ್ಲಿ ಪೇಲವ. ಅದೂ ಸಾಲದು ಅಂತ ಮೊದಲ ಪುಟಕ್ಕಿಂತ ಆಮೇಲಿನ ಪುಟ ಗಾಢವಾಗಿದೆ. ಫೋಟೋ ತೆಗೆದ್ರೆ ಎಲ್ಲಾನೂ ಒಂದೇ ನೀಲಿ. ಇಂಕ್ ಪ್ರಾಬ್ಲಮ್ಮಾ, ಪೆನ್ ಪ್ರಾಬ್ಲಮ್ಮಾ, ಕಣ್ಣಿಂದೇ ಪ್ರಾಬ್ಲಮ್ಮಾ?

ನಿಬ್‌ಪ್ರಿಯೆ
ಎಷ್ಟು ಪೆನ್ನಲ್ಲಿ ಟೆಸ್ಟ್ ಮಾಡ್ತಿದೀರ? ನಿಬ್ ಸೈಜ್ ಏನು? ಪೇಪರ್ ಯಾವ್ದು? ಇವು ಮೂರೂ ಹೇಳದೆ ಉತ್ತರ ಕೊಟ್ರೆ ಅದು ಊಹೆ ಆಗುತ್ತೆ ಅಷ್ಟೆ.

ಗೀಚುಗಾರ
ಪ್ರತಿ ಇಂಕಿಗೂ ಒಂದೊಂದು ಪೆನ್ ಮೇಡಂ, ಆಸಾಗಾವೊ ಮಾತ್ರ ಎರಡರಲ್ಲಿ ಹಾಕಿ ನೋಡಿದೆ. ಎರಡು ಫೈನ್, ಒಂದು ಮೀಡಿಯಮ್, ಒಂದು ಬ್ರಾಡ್. ಪೇಪರ್ ಮಾಮೂಲಿ ಪ್ರಿಂಟರ್ ಪೇಪರ್, ಸ್ವಾಬ್ ಮಾತ್ರ ದಪ್ಪ ಡ್ರಾಯಿಂಗ್ ಹಾಳೆ ಮೇಲೆ. ತುಂಬಿಸೋ ಮುಂಚೆ ಎಲ್ಲಾ ಪೆನ್ನೂ ನೀರಲ್ಲಿ ತೊಳೆದಿದೀನಿ.

ನಿಬ್‌ಪ್ರಿಯೆ
ಹಾಗಾದ್ರೆ ನೀವು ಹೋಲಿಸ್ತಿರೋದು ಇಂಕನ್ನಲ್ಲ, ಪೆನ್ನುಗಳನ್ನ. ಫೌಂಟೇನ್ ಪೆನ್ ಇಂಕ್ ಅಂದ್ರೆ ಸಾಮಾನ್ಯವಾಗಿ ನೀರಲ್ಲಿ ಕರಗಿರೋ ಡೈ, ಪಾರದರ್ಶಕ. ಪೇಪರ್ ಮೇಲೆ ಎಷ್ಟು ದಪ್ಪ ಪದರ ಬಿತ್ತು ಅನ್ನೋದರ ಮೇಲೆ ಬಣ್ಣ ನಿಂತಿರುತ್ತೆ. ವೆಟ್ಟಾಗಿ ಬರೆಯೋ ಬ್ರಾಡ್ ನಿಬ್ ಇಂಕನ್ನ ಧಾರಾಳವಾಗಿ ಇಳಿಸುತ್ತೆ, ಡ್ರೈ ಫೈನ್ ನಿಬ್ ಜಿಪುಣತನ ಮಾಡುತ್ತೆ. ಒಂದೇ ಬಾಟಲಿಯ ಇಂಕ್ ಒಂದರಲ್ಲಿ ಗಾಢ ಇನ್ನೊಂದರಲ್ಲಿ ತೆಳು ಆಗೋದು ಇದಕ್ಕೇ. ಪದರ ದಪ್ಪ ಆದ ಹಾಗೆ ಬಣ್ಣ ಬರೀ ಕಪ್ಪಾಗಲ್ಲ, ಕೆಲವು ನೀಲಿಗಳಲ್ಲಿ ಛಾಯೆನೇ ಜಾರುತ್ತೆ, ತೆಳುವಾಗಿದ್ದಾಗ ಆಕಾಶ ನೀಲಿ ಕಡೆ, ದಪ್ಪ ಬಿದ್ದಾಗ ನೇರಳೆ ಕಡೆ. ಇಂಕಿಗೂ ಅದರದೇ ಸ್ವಭಾವ ಇದೆ ಅನ್ನೋದು ಬೇರೆ. ಪೆಲಿಕಾನ್ 4001 ಸಾಮಾನ್ಯವಾಗಿ ಡ್ರೈ ಕಡೆಗಿನ ಇಂಕು, ವಾಟರ್‌ಮನ್ ಸ್ವಲ್ಪ ಧಾರಾಳ. ಡ್ರೈ ಇಂಕನ್ನ ಬ್ರಾಡ್ ನಿಬ್ಬಿಗೆ, ವೆಟ್ ಇಂಕನ್ನ ಫೈನ್ ನಿಬ್ಬಿಗೆ ಹಾಕಿದ್ರೆ ಎರಡೂ ಬಂದು ಮಧ್ಯದಲ್ಲಿ ಒಂದೇ ಜಾಗದಲ್ಲಿ ಕೂತ್ಕೊಳ್ತವೆ. ನಿಮಗೆ ಆಗಿರೋದು ಅದೇ ಅನ್ಸುತ್ತೆ, ಯಾವ ಇಂಕ್ ಯಾವ ನಿಬ್ಬಲ್ಲಿದೆ ಅಂತ ಒಮ್ಮೆ ನೋಡಿ.

ಮೊದಲ ಪುಟ ತೆಳು, ಆಮೇಲೆ ಗಾಢ ಅನ್ನೋದಕ್ಕೆ ಕಾರಣ ತೊಳೆದ ನೀರು. ನಿಬ್ ಒರೆಸಿದ್ರೂ ಫೀಡಿನ (ನಿಬ್ ಕೆಳಗಿರೋ, ಇಂಕ್ ತಂದುಕೊಡೋ ಭಾಗ) ಸಂದಿಯಲ್ಲಿ ನೀರು ಉಳಿದಿರುತ್ತೆ, ಅದು ಬರೆದು ಬರೆದು ಖಾಲಿ ಆಗೋವರೆಗೂ ಇಂಕ್ ತೆಳುವಾಗೇ ಬರೋದು. ತೊಳೆದ ಮೇಲೆ ನಿಬ್ ಕೆಳಗೆ ಮಾಡಿ ಟಿಶ್ಯೂ ಮೇಲೆ ರಾತ್ರಿಯಿಡೀ ನಿಲ್ಲಿಸಿಡಿ, ಟಿಶ್ಯೂನೇ ಎಳ್ಕೊಳ್ಳುತ್ತೆ.

ಪುಟತಿರುವಿ
ಇದರ ಉಲ್ಟಾನೂ ಇದೆ. ಕ್ಯಾಪ್ ಸರಿಯಾಗಿ ಸೀಲ್ ಆಗದ ಪೆನ್ನಲ್ಲಿ ಇಂಕ್ ಬಹಳ ದಿನ ಕೂತ್ರೆ ನೀರು ಮಾತ್ರ ಆವಿ ಆಗಿ ಡೈ ಉಳ್ಕೊಳ್ಳುತ್ತೆ, ದಿನದಿಂದ ದಿನಕ್ಕೆ ಬಣ್ಣ ಕಡು ಆಗ್ತಾ ಹೋಗುತ್ತೆ. ಆಮೇಲೆ ಜನ ಬಂದು ಬಾಟಲಿ ಬ್ಯಾಚ್ ಚೇಂಜ್ ಆಗಿದೆ ಅಂತ ವಾದ ಮಾಡ್ತಾರೆ. ಮೊದಲು ಕ್ಯಾಪ್ ನೋಡಿ ಮಾರಾಯ್ರೇ.

ಶಾಯಿಶಾಸ್ತ್ರಿ
ಇಯರ್‌ಬಡ್ ಸ್ವಾಬ್ ನೋಡಿ ಇಂಕ್ ಆರಿಸೋರನ್ನ ಕಂಡ್ರೆ ನನಗೆ ಅಯ್ಯೋ ಅನ್ಸುತ್ತೆ. ಯಾವ ನಿಬ್ಬೂ ಅಷ್ಟು ಇಂಕ್ ಸುರಿಯಲ್ಲ. ಗಾಜಿನ ಡಿಪ್ ಪೆನ್ನೂ ಅಷ್ಟೆ, ಮಾಮೂಲಿ ಫೈನ್ ನಿಬ್ಬಿಗಿಂತ ಜಾಸ್ತಿನೇ ಇಳಿಸುತ್ತೆ. ಎರಡನ್ನೂ ಎಸೆಯಿರಿ.

ನಿಬ್‌ಪ್ರಿಯೆ
ಶಾಸ್ತ್ರಿಗಳೇ, ಎಸೆಯೋದು ಜಾಸ್ತಿ ಆಯ್ತು. ಸ್ವಾಬ್ ನೋಡಿದ್ರೆ ಆ ಇಂಕು ಗರಿಷ್ಠ ಎಲ್ಲಿವರೆಗೆ ಹೋಗುತ್ತೆ, ಶೀನ್ ಇದೆಯಾ, ತುದಿಯಲ್ಲಿ ಯಾವ ಛಾಯೆ ಕಟ್ಟುತ್ತೆ ಅನ್ನೋದು ತಿಳಿಯುತ್ತೆ. ನೋಟ್‌ಬುಕ್ಕಲ್ಲಿ ಹೇಗೆ ಕಾಣುತ್ತೆ ಅನ್ನೋದು ತಿಳಿಯಲ್ಲ ಅಷ್ಟೇ. ಒಂದನ್ನ ಇನ್ನೊಂದು ಅಂತ ಓದಬಾರದು.

ಶಾಯಿಶಾಸ್ತ್ರಿ
ಸರಿ ಸರಿ, ಡಿಪ್ ಪೆನ್ ಇಟ್ಕೊಳ್ಳಿ. ಇಯರ್‌ಬಡ್ ಬಗ್ಗೆ ನಾನು ಬದಲಾಗಲ್ಲ.

ಗೀಚುಗಾರ್ ಅವರೇ, ಹೋಲಿಸೋ ಕ್ರಮ ಹೇಳ್ತೀನಿ. ಒಂದೇ ಪೆನ್, ನೀವು ಕೊನೆಗೆ ದಿನಾ ಬಳಸೋ ಪೆನ್ನೇ ಆಗಿರ್ಲಿ. ಒಂದೇ ಪೇಪರ್, ದಿನಾ ಬರೆಯೋ ಪುಸ್ತಕದ್ದೇ. ಪ್ರಿಂಟರ್ ಪೇಪರ್ ಇಂಕನ್ನ ನಾರಿನೊಳಗೆ ಹೀರ್ಕೊಂಡು ಸಾಲನ್ನ ಅಗಲ ಮಾಡಿ ಬಣ್ಣಾನ ಮಂಕು ಮಾಡುತ್ತೆ, ಅದರ ಮೇಲೆ ಶೇಡಿಂಗೂ (ಒಂದೇ ಅಕ್ಷರದಲ್ಲಿ ತೆಳು-ಗಾಢ ಕಾಣೋದು) ಸಾಯುತ್ತೆ ಶೀನೂ ಸಾಯುತ್ತೆ, ಹಾಗಾಗಿ ಅಲ್ಲಿ ಎಲ್ಲಾ ರಾಯಲ್ ಬ್ಲೂಗಳೂ ಒಂದೇ. ಸೈಜಿಂಗ್ (ಇಂಕ್ ಒಳಗೆ ಇಳಿಯದ ಹಾಗೆ ತಡೆಯೋ ಅಂಶ) ಚೆನ್ನಾಗಿರೋ ಪೇಪರ್ ಮೇಲೆ ಇಂಕ್ ಮೇಲ್ಗಡೆನೇ ನಿಂತು ಒಣಗುತ್ತೆ, ಆಗ ವ್ಯತ್ಯಾಸ ಗೊತ್ತಾಗುತ್ತೆ. ಮೊದಲು ವಾಷಬಲ್ ಇಂಕ್‌ಗಳು, ಸುಲಭವಾಗಿ ತೊಳೆದು ಹೋಗ್ತವೆ, ಶೀನ್ ರಾಕ್ಷಸನ್ನ ಕೊನೆಗೆ ತುಂಬಿಸಿ ಯಾಕಂದ್ರೆ ಅದು ಕನ್ವರ್ಟರ್ (ಪೆನ್ನೊಳಗೆ ಇಂಕ್ ತುಂಬಿಸೋ ಕೊಳವೆ) ಬಿಟ್ಟು ಸುಲಭವಾಗಿ ಹೋಗಲ್ಲ. ಬರೆದ ತಕ್ಷಣ ತೀರ್ಪು ಕೊಡಬೇಡಿ, ಮಾರನೇ ದಿನ ಹಗಲು ಬೆಳಕಲ್ಲಿ ನೋಡಿ.

ಪಟ್ಟಿಯಲ್ಲಿ ಐರನ್ ಗಾಲ್ ಇಂಕ್ ಇದ್ರೆ, ಉದಾಹರಣೆಗೆ ರೋರರ್ ಅಂಡ್ ಕ್ಲಿಂಗ್ನರ್ ಸಾಲಿಕ್ಸ್ ಅಥವಾ ಪೆಲಿಕಾನ್ 4001 ಬ್ಲೂ-ಬ್ಲಾಕ್, ಅದಕ್ಕೆ ಇನ್ನೂ ಟೈಮ್ ಕೊಡಿ. ಬರೆದಾಗ ಕಾಣೋದು ಅದರಲ್ಲಿ ಬೆರೆಸಿರೋ ನೀಲಿ ಡೈ. ಒಳಗಿರೋ ಕಬ್ಬಿಣದ ಲವಣ ಗಾಳಿಯ ಆಮ್ಲಜನಕ ಸೇರಿ ಫೆರಸ್‌ನಿಂದ ಫೆರಿಕ್ ಆದಾಗ ಗ್ಯಾಲಿಕ್ ಮತ್ತು ಟ್ಯಾನಿಕ್ ಆಮ್ಲದ ಜೊತೆ ಕಪ್ಪು ಸಂಯುಕ್ತ ಕಟ್ಟುತ್ತೆ, ಸಾಲು ನಿಧಾನಕ್ಕೆ ಬೂದು ಕಡೆ ತಿರುಗುತ್ತೆ. ಅದನ್ನ ಹಸಿಯಾಗಿದ್ದಾಗ ಆಸಾಗಾವೊ ಪಕ್ಕ ಇಟ್ಟು ಹೋಲಿಸೋದರಲ್ಲಿ ಅರ್ಥ ಇಲ್ಲ.

ಬೆಳಕುಬಾವಿ
ಫೋಟೋ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳ್ತೀನಿ. ಫೋನ್ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಲಿ ಅಂತ ಬಣ್ಣ ತಾನೇ ಹೊಂದಿಸೋದು) ಪುಟದಲ್ಲಿ ನೀಲಿ ಜಾಸ್ತಿ ಕಂಡ್ರೆ ಅದನ್ನ ಸರಿ ಮಾಡೋಕೆ ಹೋಗಿ ಎಲ್ಲಾನೂ ಹಳದಿ ಕಡೆ ತಳ್ಳಬಹುದು. ಒಂದೊಂದು ಇಂಕಿಗೆ ಒಂದೊಂದು ಫೋಟೋ ತೆಗೆದ್ರೆ ಪ್ರತಿ ಸಲ ಬೇರೆ ಥರ ತಳ್ಳುತ್ತೆ. ಎಲ್ಲಾ ಇಂಕೂ ಒಂದೇ ಹಾಳೆ ಮೇಲೆ, ಒಂದೇ ಫ್ರೇಮಲ್ಲಿ ಬರಬೇಕು, ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಇದ್ರೆ ಇನ್ನೂ ಒಳ್ಳೇದು. ಆಗ ಬಣ್ಣ ತಪ್ಪಿದ್ರೂ ಎಲ್ಲಾ ಒಟ್ಟಿಗೇ ತಪ್ತವೆ, ಒಂದಕ್ಕೊಂದು ಇರೋ ವ್ಯತ್ಯಾಸ ಉಳಿಯುತ್ತೆ. ಇನ್ನೂ ಒಂದು ತೊಂದರೆ ಏನಂದ್ರೆ ನೇರಳೆ ಕಡೆ ವಾಲೋ ನೀಲಿನ ತುಂಬಾ ಕ್ಯಾಮೆರಾಗಳು ಸಪಾಟು ನೀಲಿ ಮಾಡಿಬಿಡ್ತವೆ. ತುಂಬಾ ದಟ್ಟವಾದ ಸಯಾನ್, ಟರ್ಕ್ವಾಯ್ಸ್ ಬಣ್ಣಗಳು ಮಾಮೂಲಿ ಎಸ್‌ಆರ್‌ಜಿಬಿ ಸ್ಕ್ರೀನ್ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಗೇ ಬರಲ್ಲ, ಸ್ಕ್ರೀನ್ ತೋರಿಸೋಕೆ ಆಗದೇ ಇರೋದನ್ನ ಫೋಟೋ ಹೇಗೆ ತೋರಿಸುತ್ತೆ ಹೇಳಿ. ಅಂದ್ರೆ ಬೇರೆಯವರ ಫೋಟೋ ನೋಡಿ ಇಂಕ್ ತರಿಸೋದು ಒಂಥರಾ ಲಾಟರಿನೇ.

ಪೇಪರ್ ಕೂಡ ಆಟ ಆಡುತ್ತೆ. ಫಳಫಳ ಬಿಳಿ ಹಾಳೆಗಳಲ್ಲಿ ಆಪ್ಟಿಕಲ್ ಬ್ರೈಟ್ನರ್ ಇರುತ್ತೆ, ಅದು ಅಲ್ಟ್ರಾವಯೊಲೆಟ್ ಹೀರಿ ನೀಲಿ ಬೆಳಕು ಬಿಡುತ್ತೆ. ಬಿಸಿಲಲ್ಲಿ ಹಾಳೆ ನೀಲಿ ಬಿಳಿ ಕಾಣುತ್ತೆ, ಮಾಮೂಲಿ ಎಲ್‌ಇಡಿ ಕೆಳಗೆ ಅಲ್ಟ್ರಾವಯೊಲೆಟ್ ಇಲ್ಲದೇ ಇರೋದ್ರಿಂದ ಆ ಹೊಳಪು ಬರಲ್ಲ. ಹಿನ್ನೆಲೆನೇ ಬದಲಾದ ಮೇಲೆ ಅದರ ಮೇಲಿನ ನೀಲಿ ಹಾಗೇ ಇರುತ್ತಾ? ಕ್ರೀಮ್ ಹಾಳೆ ಮೇಲೆ ಅದೇ ಇಂಕ್ ಸ್ವಲ್ಪ ಹಸಿರು ಕಡೆ ವಾಲುತ್ತೆ. ಹಗಲಲ್ಲಿ ಬೇರೆ ಬೇರೆ ಕಂಡ ಎರಡು ಇಂಕು ರಾತ್ರಿ ಬಲ್ಬಿನ ಕೆಳಗೆ ಒಂದೇ ಆಗೋದೂ ಉಂಟು, ಕಣ್ಣು ಪರೀಕ್ಷೆ ಬೇಡ ಸದ್ಯಕ್ಕೆ.

ಗೀಚುಗಾರ
ಪೆಲಿಕಾನ್ ಬ್ರಾಡ್ ನಿಬ್ಬಲ್ಲೇ ಇತ್ತು, ವಾಟರ್‌ಮನ್ ಫೈನಲ್ಲಿ! ಈಗ ಎಲ್ಲಾ ಖಾಲಿ ಮಾಡಿ ಒಂದೇ ಮೀಡಿಯಮ್ ಪೆನ್ನಲ್ಲಿ, ನೋಟ್‌ಬುಕ್ ಹಾಳೆ ಮೇಲೆ ಬರೀತಾ ಇದೀನಿ. ಆ ಶೀನ್ ಇಂಕ್ ಬಗ್ಗೆ ಒಂದು ಪ್ರಶ್ನೆ, ಬರೆದು ಎಷ್ಟು ಹೊತ್ತಾದ್ರೂ ಬೆರಳು ತಾಗಿದ್ರೆ ಮೆತ್ಕೊಳ್ಳುತ್ತೆ, ಕಾಯ್ತಾ ಇದ್ರೆ ಸರಿ ಹೋಗುತ್ತಾ?

ಪುಟತಿರುವಿ
ಸರಿ ಹೋಗಲ್ಲ. ಶೀನ್ ಅಂದ್ರೇನೇ ಪೇಪರ್ ಒಳಗೆ ಇಳಿಯದೆ ಮೇಲೆ ಪದರವಾಗಿ ಕೂತಿರೋ ಡೈ, ಆ ಪದರದ ಮೇಲ್ಮೈ ಕೆಂಪು ಬೆಳಕನ್ನ ವಾಪಸ್ ಕಳಿಸುತ್ತೆ, ನಮಗೆ ನೀಲಿ ಅಕ್ಷರದ ಮೇಲೆ ಕೆಂಪು ಮಿಂಚು ಕಾಣುತ್ತೆ. ಮೇಲೆ ಕೂತಿರೋದು ಬೆರಳಿನ ಬೆವರಿಗೆ ಕರಗೇ ಕರಗುತ್ತೆ. ಫೈನ್ ನಿಬ್ ಹಾಕಿ ಇಲ್ಲಾ ಹೀರ್ಕೊಳ್ಳೋ ಪೇಪರ್ ಬಳಸಿ, ಮೆತ್ಕೊಳ್ಳೋದು ಕಮ್ಮಿ ಆಗುತ್ತೆ, ಜೊತೆಗೆ ಶೀನೂ ಹೋಗುತ್ತೆ. ಪತ್ರದ ಹೆಡ್ಡಿಂಗಿಗೆ ಚೆಂದ, ದಿನದ ನೋಟ್ಸಿಗೆ ನಾನಂತೂ ಹೇಳಲ್ಲ.

ಶಾಯಿಶಾಸ್ತ್ರಿ
ನೋಟ್ಸ್ ಎಷ್ಟು ವರ್ಷ ಉಳೀಬೇಕು ಅನ್ನೋದನ್ನೂ ಯೋಚನೆ ಮಾಡಿ. ಬಹಳಷ್ಟು ವಾಷಬಲ್ ರಾಯಲ್ ಬ್ಲೂಗಳಲ್ಲಿ ಇರೋದು ಟ್ರೈಅರೈಲ್‌ಮೀಥೇನ್ ಜಾತಿಯ ಡೈ. ಇಂಕ್ ಇರೇಸರ್ ಪೆನ್ನಿನ ಸಲ್ಫೈಟ್ ಆ ಅಣುವಿನ ನಡುವಿನ ಕಾರ್ಬನ್ನಿಗೆ ಅಂಟಿಕೊಂಡ್ರೆ ಅಣುವಿನ ಕಟ್ಟು ಮುರಿದು ಬಣ್ಣ ಮಾಯ, ಅಳಿಸೋಕೆ ಆಗೋದು ಅದಕ್ಕೇ. ಬಿಸಿಲಿಗೂ ಇವು ಗಟ್ಟಿ ಅಲ್ಲ, ನೀರು ಬಿದ್ರೂ ಹರಿದು ಹೋಗ್ತವೆ. ಒಂದು ಪಟ್ಟಿ ಪೇಪರ್ ಮೇಲೆ ಎಲ್ಲಾ ಇಂಕಲ್ಲೂ ಒಂದೊಂದು ಸಾಲು ಬರೆದು, ಅರ್ಧ ಭಾಗ ರಟ್ಟಿನಿಂದ ಮುಚ್ಚಿ ಬಿಸಿಲು ಬೀಳೋ ಕಿಟಕಿಗೆ ಅಂಟಿಸಿ. ದಾಖಲೆ ಥರ ಉಳೀಬೇಕು ಅಂದ್ರೆ ಸೇಲರ್ ಸೇಬೊಕು ಥರದ ಪಿಗ್ಮೆಂಟ್ ಇಂಕ್ (ಡೈ ಬದಲು ನೀರಲ್ಲಿ ಕರಗದ ಬಣ್ಣದ ಕಣಗಳಿರೋದು) ನೋಡಿ, ಆದ್ರೆ ಅದನ್ನ ಪೆನ್ನಲ್ಲಿ ಒಣಗೋಕೆ ಬಿಟ್ರೆ ತೊಳೆಯೋ ಹೊತ್ತಿಗೆ ಸಾಕಪ್ಪಾ ಅನ್ಸುತ್ತೆ. ಒಂದು ಇಂಕಿಂದ ಇನ್ನೊಂದಕ್ಕೆ ಹೋಗೋವಾಗ ಮಧ್ಯೆ ಚೆನ್ನಾಗಿ ತೊಳೀರಿ, ನೂಡ್ಲರ್ಸ್ ಬೇ ಸ್ಟೇಟ್ ಬ್ಲೂ ಏನಾದ್ರೂ ಮುಂದೆ ತರಿಸಿದ್ರೆ ಡಬಲ್ ತೊಳೀರಿ, ಅದು ಕ್ಷಾರೀಯ, ಬೇರೆ ಇಂಕ್‌ಗಳ ಜೊತೆ ಸೇರಿಸೋ ಹಾಗಿಲ್ಲ.

ಗೀಚುಗಾರ
ರಿಸಲ್ಟ್ ಹೇಳ್ತೀನಿ. ಒಂದೇ ಪೆನ್ನಲ್ಲಿ ಬರೆದು ಹಗಲಲ್ಲಿ ನೋಡಿದ್ರೆ ವಾಟರ್‌ಮನ್ ಕಡು, ನೇರಳೆ ಕಡೆ ವಾಲಿದೆ. ಪೆಲಿಕಾನ್ ತೆಳು, ಶೇಡಿಂಗ್ ಇದೆ, ಸಾಲು ಸಣ್ಣಗೆ ನೀಟಾಗಿ ಬರುತ್ತೆ. ಆಸಾಗಾವೊ ಮೂರರಲ್ಲೂ ಹೆಚ್ಚು ದಟ್ಟ, ನಿಬ್ ಪೇಪರ್ ಮೇಲೆ ಜಾರುತ್ತೆ. ಕಣ್ಣಿಗೆ ಆಸಾಗಾವೊ ಇಷ್ಟ ಆಯ್ತು, ಆದ್ರೆ ನನ್ನ ಹಾಳೆ ತೆಳು, ಹಿಂದುಗಡೆಗೆ ಅಕ್ಷರ ಕಾಣ್ತಿದೆ, ಅದಕ್ಕೆ ಸದ್ಯ ಪೆಲಿಕಾನ್. ಬಿಸಿಲಿನ ಪಟ್ಟಿ ಕಿಟಕಿಗೆ ಅಂಟಿಸಿದೀನಿ.

ಬೆಳಕುಬಾವಿ
ಪಟ್ಟಿ ತೆಗೆದಾಗ ಫೋಟೋ ಹಾಕಿ, ಮುಚ್ಚಿದ ಅರ್ಧ ಬಿಸಿಲು ತಿಂದ ಅರ್ಧ ಎರಡೂ ಒಂದೇ ಫ್ರೇಮಲ್ಲಿ ಬರ್ಲಿ. ಫ್ಲ್ಯಾಶ್ ಬೇಡ.