ಶುಗರ್ ಮತ್ತು ಕಾಲಿನ ಜೋಮು: ಮಂಡ್ಯ ಗುಂಪಿನ ಪ್ರಶ್ನೋತ್ತರ

ಮದ್ದೂರಿನವರು: ಸರ್, ನನಗೆ ಶುಗರ್ ಬಂದು 6 ವರ್ಷ. ಆಗಲೇ ಪಾದ ಉರಿಯುತ್ತದೆ. ಪಕ್ಕದ ಮನೆಯವರಿಗೆ 20 ವರ್ಷದಿಂದ ಇದೆ, ಏನೂ ಆಗಿಲ್ಲ. ನರ ಯಾರಿಗೆ ಹಾಳಾಗುತ್ತದೆ?

ಡಾಕ್ಟರ್: ಶುಗರ್ ಎಷ್ಟು ವರ್ಷದಿಂದ ಇದೆ, ಅಷ್ಟು ದಿನ ಎಷ್ಟು ಹಿಡಿತದಲ್ಲಿತ್ತು, ಎರಡೂ ಲೆಕ್ಕಕ್ಕೆ ಬರುತ್ತವೆ. ಬೀಡಿ, ಕುಡಿತ, ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು), ಬೊಜ್ಜು, ಕಿಡ್ನಿ ತೊಂದರೆ ಸೇರಿಕೊಂಡರೆ ಅಪಾಯ ಜಾಸ್ತಿ. ಎತ್ತರ ಇರುವವರಿಗೂ ಸ್ವಲ್ಪ ಜಾಸ್ತಿ. ಪಾದಕ್ಕೆ ಹೋಗುವ ನರವೇ ಉದ್ದ, ಅದೇ ಮೊದಲು ಸೋಲುತ್ತದೆ. ಪಕ್ಕದ ಮನೆಯವರು ಪಾದ ಪರೀಕ್ಷೆ ಮಾಡಿಸಿದ್ದಾರಾ? ನರ ಹೋದ ಎಷ್ಟೋ ಜನರಿಗೆ ಉರಿಯೇ ಇರುವುದಿಲ್ಲ.

ಮಳವಳ್ಳಿಯವರು: 9 ವರ್ಷದಿಂದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಅದರಿಂದಲೇ ಜೋಮು ಅಂತಾರೆ. ನಿಲ್ಲಿಸಲಾ?

ಡಾಕ್ಟರ್: ನಿಲ್ಲಿಸಬೇಡಿ. ಬಹಳ ವರ್ಷ ತೆಗೆದುಕೊಂಡರೆ ಕೆಲವರಿಗೆ ವಿಟಮಿನ್ ಬಿ12 ಇಳಿಯುತ್ತದೆ, ಅದರಿಂದಲೂ ಜೋಮು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ತುಂಬಿಸಬಹುದು.

ಪಾಂಡವಪುರದವರು: ಅಪ್ಪನಿಗೆ 61. ಶುಗರ್ 15 ವರ್ಷದಿಂದ, ಬೀಡಿ ಬಿಟ್ಟಿಲ್ಲ. ಮೊನ್ನೆ ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿದೆ. ಅವರಿಗೆ ಗೊತ್ತೇ ಆಗಿಲ್ಲ. ಜಗಲಿ ಮೇಲೆ ರಕ್ತದ ಹೆಜ್ಜೆ ನೋಡಿ ಅಮ್ಮ ಕಿರುಚಿಕೊಂಡರು. ಅರಿಶಿನ ಮೆತ್ತಿಕೊಂಡು ಸುಮ್ನಿದ್ದಾರೆ. ನೋವಿಲ್ಲವಂತೆ.

ಡಾಕ್ಟರ್: ಆ 'ನೋವಿಲ್ಲ' ಅನ್ನೋ ಮಾತಿಗೇ ನನಗೆ ಭಯ. ಕಾಲಿಗೆ ಮುಳ್ಳು ಚುಚ್ಚಿದರೆ ನೀವು ಕುಂಟುತ್ತೀರಿ, ಭಾರ ಹಾಕುವುದಿಲ್ಲ. ಅದರಿಂದಲೇ ಗಾಯ ಮಾಗುತ್ತದೆ. ನಿಮ್ಮ ಅಪ್ಪ ಅದೇ ಗಾಯದ ಮೇಲೆ ದಿನವಿಡೀ ನಡೆಯುತ್ತಾರೆ. ಜೊತೆಗೆ ಬೀಡಿ ರಕ್ತನಾಳವನ್ನು ಕಿರಿದು ಮಾಡಿರುತ್ತದೆ. ಕಾಲಿಗೆ ರಕ್ತ ಸರಿಯಾಗಿ ಹೋಗದಿದ್ದರೆ ಸಣ್ಣ ಗಾಯವೂ ಒಳಗೆ ಕೀವು ಕಟ್ಟಿ ಮೂಳೆವರೆಗೆ ಇಳಿಯಬಹುದು. ಕಾಲು ತೆಗೆಯಬೇಕಾಗಿ ಬರುವುದು ಹೆಚ್ಚಾಗಿ ಹೀಗೆ ಶುರುವಾದ ಗಾಯದಿಂದಲೇ. ಅರಿಶಿನ ತೊಳೆದು ಬೆಳಕಿನಲ್ಲಿ ಪಾದ ನೋಡಿ. ಬೆರಳ ಸಂದಿಯನ್ನೂ ಬಿಡಿಸಿ ನೋಡಿ. ಊದಿದೆಯಾ, ಕಪ್ಪಾಗಿದೆಯಾ, ವಾಸನೆ ಇದೆಯಾ? ಟೆಟನಸ್ ಇಂಜೆಕ್ಷನ್ ಆಗಿದೆಯಾ? ನಡೆಸಬೇಡಿ. ಬೇಗ ತಿಳಿಸಿ.

ಕೆ.ಆರ್. ಪೇಟೆಯವರು: ಎಕ್ಕದ ಎಲೆ ಅಂಗಾಲಿಗೆ ಕಟ್ಟಿ ಮಲಗಿದರೆ 7 ದಿನದಲ್ಲಿ ಶುಗರ್ ನಾರ್ಮಲ್. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಯಾರಿಗೂ ಕಳಿಸಬೇಡಿ. ಎಕ್ಕದ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಸ್ಪರ್ಶವಿಲ್ಲದ ಪಾದಕ್ಕೆ ರಾತ್ರಿಯಿಡೀ ಕಟ್ಟಿದರೆ ಬೆಳಿಗ್ಗೆ ಹುಣ್ಣು. ಬಿಸಿನೀರಿನಲ್ಲಿ ಕಾಲಿಡುವುದೂ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ.

ಶ್ರೀರಂಗಪಟ್ಟಣದವರು: ನನಗೆ ಕೈ ಬೆರಳೂ ಜೋಮು. ಅದೂ ಶುಗರಿನಿಂದಲಾ?

ಮಂಡ್ಯದವರು: ಎಲ್ಲ ಬಿಳಿ ಸಕ್ಕರೆಯಿಂದ ಬಂದದ್ದು. ನಮ್ಮ ಆಲೆಮನೆ ಬೆಲ್ಲ ತಿಂದವರಿಗೆ ಏನೂ ಆಗಲ್ಲ.

ನಾಗಮಂಗಲದವರು: ಬೆಲ್ಲ ತಿಂದೇ ನಮ್ಮ ಮಾವನಿಗೆ 380 ಆಗಿತ್ತು.

ಮಂಡ್ಯದವರು: ಅದು ಕೆಮಿಕಲ್ ಬೆಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ನಾಗಮಂಗಲದವರು: ನೀವೇ ಆಲೆಮನೆ ಇಟ್ಟಿದ್ದೀರಿ, ಅದಕ್ಕೇ ಹೇಳ್ತೀರಿ.

ಮಂಡ್ಯದವರು: ಹೌದು, ಇಟ್ಟಿದ್ದೇನೆ. ಕಬ್ಬು ಬೆಳೆಯುವವನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?

ಡಾಕ್ಟರ್: ಬೆಲ್ಲವೂ ಶುಗರ್ ಏರಿಸುತ್ತದೆ, ಯಾವ ಬೆಲ್ಲವಾದರೂ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಮದ್ದೂರಿನವರು: ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡಬಹುದಾ ಸರ್?

ಡಾಕ್ಟರ್: ಬೇಡ. ಮೇಲೆ ಓದಿ.

ಕೆ.ಆರ್. ಪೇಟೆಯವರು: ನಮ್ಮ ಹಿರಿಯರು ದಡ್ಡರಾ ಸರ್? ನಿಮಗೆ ಮಾತ್ರೆ ಬಿಟ್ಟರೆ ಬೇರೆ ಗೊತ್ತಿಲ್ಲ.

ಡಾಕ್ಟರ್: ನಿಮ್ಮ ಜೊತೆ ವಾದಕ್ಕೆ ಸಮಯವಿಲ್ಲ. ಪಾಂಡವಪುರದವರು ಎಲ್ಲಿ? ಪಾದ ನೋಡಿದಿರಾ?

ಪಾಂಡವಪುರದವರು: ನೋಡಿದೆ ಸರ್. ಕಿರುಬೆರಳ ಬುಡ ಕಪ್ಪಗಿದೆ. ಒತ್ತಿದರೆ ಕೀವು. ಮೈಯೂ ಬಿಸಿ ಇದೆ. ನಾಳೆ ಸೋಮವಾರ, ಬೆಳಿಗ್ಗೆ ಕರೆದುಕೊಂಡು ಹೋಗ್ತೀವಿ.

ಡಾಕ್ಟರ್: ನಾಳೆ ಅಲ್ಲ, ಈಗ. ಮಂಡ್ಯ ಮಿಮ್ಸ್ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ನುಂಗುವ ಮಾತ್ರೆಗಳ ಚೀಟಿ ಹಿಡಿದುಕೊಳ್ಳಿ. ಹೊರಟ ತಕ್ಷಣ ಇಲ್ಲಿ ಹಾಕಿ.

ಪಾಂಡವಪುರದವರು: ಬರಲ್ಲ ಅಂತಿದ್ದಾರೆ ಸರ್. ನೋವಿಲ್ಲವಲ್ಲ ಅಂತಾರೆ.

ಡಾಕ್ಟರ್: ಫೋನ್ ಅವರ ಕೈಗೆ ಕೊಡಿ. ನಾನೇ ಮಾತಾಡುತ್ತೇನೆ.